ಹೂಂ ಅಂದವರಿಗೆಲ್ಲ ಕೇಳಿಸಿರುವುದಿಲ್ಲ

ಆಸ್ಪತ್ರೆ ಮೆಟ್ಟಿಲು ಹತ್ತುವ ಕಿವಿಮಂದ ರೈತನೊಬ್ಬನ ಅನುಭವ

ಕಾಲು ಮುರಿದವನು ಕೋಲು ಊರಿಕೊಂಡು ಆಸ್ಪತ್ರೆಗೆ ಬಂದರೆ ಬಾಗಿಲಲ್ಲಿರುವ ಆಯಾ ಕೂಡ ದಾರಿ ಬಿಡುತ್ತಾಳೆ. ಕಣ್ಣು ಕಾಣದವರನ್ನು ಗುರುತಿಲ್ಲದವರೂ ಕೈ ಹಿಡಿದು ಕೂರಿಸುತ್ತಾರೆ. ಕಿವಿ ಕೇಳದವನಿಗೆ ಇಂಥದ್ದೇನೂ ಇಲ್ಲ. ನೋಡುವುದಕ್ಕೆ ಅವನು ಎಲ್ಲರ ಹಾಗೇ ಇರುತ್ತಾನೆ. ಹೆಸರು ಕೂಗಿದಾಗ ಏಳದಿದ್ದರೆ 'ಏನ್ರೀ, ನಿದ್ದೆನಾ?' ಅನ್ನುತ್ತಾರೆ. ಎರಡನೇ ಸಲ ಕೇಳಿದರೆ ರೇಗುತ್ತಾರೆ. ಮೂರನೇ ಸಲ ಕೇಳುವುದಕ್ಕೆ ಬಹಳ ಜನರಿಗೆ ಬಾಯಿ ಬರುವುದಿಲ್ಲ, ಸುಮ್ಮನೆ 'ಹೂಂ' ಅಂದುಬಿಡುತ್ತಾರೆ. ಆ ಒಂದು 'ಹೂಂ' ನಂಬಿಕೊಂಡು ಚೀಟಿ ಬರೆಯುತ್ತಾರೆ, ಮಾತ್ರೆ ಕೊಡುತ್ತಾರೆ, ಆಪರೇಷನ್ನಿಗೆ ಹೆಬ್ಬೆಟ್ಟೂ ಒತ್ತಿಸಿಕೊಳ್ಳುತ್ತಾರೆ. ದನದ ಡಾಕ್ಟರೇ ವಾಸಿ. ದನ 'ಹೂಂ' ಅಂತು ಅಂತ ಅವರು ಯಾವತ್ತೂ ಮದ್ದು ಕೊಟ್ಟವರಲ್ಲ.

ನಾನು ಹೆಗ್ಗಡದೇವನಕೋಟೆ ತಾಲೂಕಿನವನು. ನಾಲ್ಕೂವರೆ ಎಕರೆ ಒಣಭೂಮಿ. ಹತ್ತಿ, ರಾಗಿ, ಸಾಲಿನ ನಡುವೆ ಅವರೆ, ಕಡೆಗೆ ಹುರುಳಿ. ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ವಯಸ್ಸು ಐವತ್ತಾರು. ಎರಡು ಕಿವಿಯೂ ಮಂದ. ಬೀಜ ಗೊಬ್ಬರದ ವಿಷಯ ಬಿಟ್ಟು ಈ ಪತ್ರಿಕೆಯಲ್ಲಿ ಕಿವಿ ವಿಷಯ ಯಾಕಪ್ಪ ಅಂತ ಓದುಗರಿಗೆ ಅನ್ನಿಸಬಹುದು. ನಿಮ್ಮೂರಿನಲ್ಲಿ ಹತ್ತಿಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರನ್ನು ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದು ನೋಡಿ. ಎಷ್ಟು ಜನ ತಿರುಗುತ್ತಾರೆ ಅಂತ ಲೆಕ್ಕ ಹಾಕಿ. ಆಮೇಲೆ ಮುಂದಕ್ಕೆ ಓದಿ.

ಕಿವಿ ಕೆಡಿಸುವ ಕೆಲಸ

ಕಿವಿ ಮಂದ ಅಂದರೆ ಮುದುಕರ ಕಾಯಿಲೆ ಅಂತ ನಮ್ಮಲ್ಲಿ ಮಾತು. ಬೇಸಾಯಗಾರರ ಮಟ್ಟಿಗೆ ಅದು ಸರಿಹೊಂದಲ್ಲ. ಮುಚ್ಚಿದ ಕ್ಯಾಬಿನ್ ಇರುವ ಟ್ರ್ಯಾಕ್ಟರ್ ನಮ್ಮ ಕಡೆ ನಾನು ಕಂಡಿಲ್ಲ. ಓಡಿಸುವವನ ಮೂಗಿನ ನೇರಕ್ಕೆ ಸೈಲೆನ್ಸರ್. ಅವನ ಕಿವಿಗೆ ಬೀಳುವ ಶಬ್ದ 90 ಡೆಸಿಬೆಲ್ ದಾಟುವುದು ಸಾಮಾನ್ಯ. ಡೆಸಿಬೆಲ್ ಅಂದರೆ ಶಬ್ದ ಅಳೆಯುವ ಸೇರು. ಪಿಸುಮಾತು ಸುಮಾರು 30, ಎದುರು ಬದುರು ಕೂತು ಆಡುವ ಮಾತು ಸುಮಾರು 60. 85 ಇದ್ದರೆ ದಿನಕ್ಕೆ 8 ಗಂಟೆ ಹೊತ್ತು ಕಿವಿ ತಡೆದುಕೊಂಡೀತು ಅಂತ ತಿಳಿದವರ ಲೆಕ್ಕ. ಆದರೆ ಈ ಸೇರು ನಮ್ಮ ರಾಗಿ ಅಳೆಯುವ ಸೇರಿನ ಥರ ಅಲ್ಲ. ಮೂರು ಹೆಚ್ಚಾದರೆ ಸಾಕು, ಶಬ್ದದ ಶಕ್ತಿ ಎರಡರಷ್ಟಾಗುತ್ತದೆ. ಅದಕ್ಕೇ 88ಕ್ಕೆ ಬರೀ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ನಾವು ಒಕ್ಕಣೆ ಕಾಲದಲ್ಲಿ ಬೆಳಗ್ಗೆ ಏಳಕ್ಕೆ ಯಂತ್ರದ ಬಾಯಿಗೆ ನಿಂತರೆ ಸಂಜೆ ದೀಪ ಹಚ್ಚುವವರೆಗೂ ಅಲ್ಲೇ. ಹದಿನೆಂಟು ವರ್ಷ ನಾನು ಊರವರ ರಾಗಿ ಒಕ್ಕಿದ್ದೇನೆ.

ಇದರ ಮೇಲೆ ಆನೆ ಕಾಟ. ನಾಗರಹೊಳೆ, ಬಂಡೀಪುರ ಎರಡೂ ಕಾಡು ನಮ್ಮ ತಾಲೂಕಿನ ಮಗ್ಗುಲಲ್ಲೇ. ರಾಗಿ ಹಾಲು ಕಟ್ಟುವ ಹೊತ್ತಿಗೆ ಅಟ್ಟಣೆ ಮೇಲೆ ಕೂತು ರಾತ್ರಿಯೆಲ್ಲ ಪಟಾಕಿ ಹೊಡೆಯಬೇಕು. ಯಂತ್ರದ ಶಬ್ದ ಕಿವಿಯನ್ನು ವರ್ಷಗಟ್ಟಲೆ ಸವೆಸುತ್ತದೆ, ಕೈಯಳತೆ ದೂರದಲ್ಲಿ ಸಿಡಿದ ದೊಡ್ಡ ಪಟಾಕಿ ಒಂದೇ ಏಟಿಗೆ ಕೆಡಿಸಬಲ್ಲದು. ಈಗ ಆನೆ ಬೇಲಿಗೆ ಬಂದು ಬಿದಿರು ಲಟಕ್ ಅನ್ನಿಸಿದರೆ ನನಗೆ ತಿಳಿಯುವುದಿಲ್ಲ. ಕಾವಲಿಗೆ ನಾಯಿ ಜೊತೆ ಮಗನೂ ಬೇಕು.

ಒಳಗಡೆ ಆಗುವುದೇನು ಅಂತ ನನಗೆ ಒಬ್ಬರು ಬಿಡಿಸಿ ಹೇಳಿದರು. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ನಾಳ. ಅದರೊಳಗೆ ನೀರು. ನೀರಿನಲ್ಲಿ ಪೈರಿನ ಹಾಗೆ ಸಾಲು ಸಾಲು ಕೂದಲಿರುವ ಜೀವಕೋಶ, ಒಂದೊಂದು ಕಿವಿಯಲ್ಲಿ ಹದಿನೈದು ಸಾವಿರದ ಆಸುಪಾಸು. ಶಬ್ದ ಬಂದರೆ ನೀರು ಅಲುಗುತ್ತದೆ, ಪೈರು ತೂಗುತ್ತದೆ, ತೂಗಿದ್ದನ್ನು ನರ ಮಿದುಳಿಗೆ ಮುಟ್ಟಿಸುತ್ತದೆ. ಓಣಿ ಬಾಯಲ್ಲಿರುವ ರಾಗಿ ಹೇಗೆ ಮೊದಲು ತುಳಿತಕ್ಕೆ ಸಿಗುತ್ತದೋ ಹಾಗೆ ನಾಳದ ಬಾಗಿಲ ಕಡೆಯ ಕೋಶಗಳೇ ಮೊದಲು ಸಾಯುತ್ತವೆ. ಅಲ್ಲಿರುವುದು ಸಣ್ಣ ದನಿ, ಕೀಚು ದನಿ ಹಿಡಿಯುವ ಕೋಶಗಳು. ಕೋಳಿಗೆ ಅವು ಸತ್ತರೂ ಮತ್ತೆ ಚಿಗುರುತ್ತವಂತೆ. ಮನುಷ್ಯನಿಗೆ ಆ ಭಾಗ್ಯ ಇಲ್ಲ, ಹೋದದ್ದು ಹೋಯಿತು.

ಹೀಗಾಗಿ ಶಬ್ದದಿಂದ ಕಿವಿ ಕೆಟ್ಟವನಿಗೆ ಪೂರ್ತಿ ಕೇಳಿಸದೆ ಹೋಗುವುದಿಲ್ಲ. ಅರ್ಧ ಕೇಳಿಸುತ್ತದೆ. ಕಷ್ಟ ಇರುವುದೇ ಆ ಅರ್ಧದಲ್ಲಿ. ಬಸ್ಸಿನ ಹಾರನ್ ಕೇಳುತ್ತದೆ, ಎಮ್ಮೆ ಕೂಗಿದ್ದು ಕೇಳುತ್ತದೆ. ಜೀರುಂಡೆ, ಮೊಬೈಲ್ ಗಂಟೆ, ಮಕ್ಕಳ ಮಾತು, ಹೆಂಗಸರ ಮಾತು ನುಣುಚಿಕೊಳ್ಳುತ್ತವೆ. 'ಹೆಂಡ್ತಿ ಮಾತು ಮಾತ್ರ ಕೇಳ್ಸಲ್ವಾ ನಿಂಗೆ?' ಅಂತ ಅರಳಿಕಟ್ಟೆಯಲ್ಲಿ ನಗಾಡುವವರು ಇದ್ದೇ ಇದ್ದಾರೆ. ನಗಲಿ, ಆದರೆ ಅದಕ್ಕೊಂದು ಕಾರಣ ಇದೆ ಅಂತಲೂ ತಿಳಿದಿರಲಿ. ಮಾತಿನೊಳಗೂ ಆ, ಓ, ಊ ಇಂಥ ತೆರೆದ ದನಿ ಕೇಳುತ್ತವೆ. ಸ, ಶ, ತ, ಕ, ಪ ಇವು ಉದುರಿ ಹೋಗುತ್ತವೆ. ಸಾಲ, ಕಾಲ, ಹಾಲ ಮೂರೂ ನನ್ನ ಕಿವಿಗೆ ಬರೀ 'ಆಲ'. ಬ್ಯಾಂಕಿನವರು ಸಾಲದ ಮಾತಾಡುತ್ತಿದ್ದಾರೋ ಕಾಲದ ಮಾತಾಡುತ್ತಿದ್ದಾರೋ ಅವರ ಮುಖ ನೋಡಿ ಅಂದಾಜು ಕಟ್ಟಬೇಕು.

ಆಸ್ಪತ್ರೆಯಲ್ಲಿ ಅಂದಾಜು ನಡೆಯುವುದಿಲ್ಲ

ನನಗೆ ಬಿ.ಪಿ., ಸಕ್ಕರೆ ಎರಡೂ ಇದೆ. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿದರಲ್ಲ, ನನ್ನಂಥವರಿಗೆ ಎಷ್ಟು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆವು ಅನ್ನುವುದು ಗೊತ್ತಾದದ್ದೇ ಆಗ. ಆ ವರ್ಷ ನಮ್ಮ ಕಡೆಯ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದೆ. ಸಕ್ಕರೆಯ ಮಾತ್ರೆ ಬದಲಾಯಿಸಿದ್ದರು. ಕೌಂಟರಿನ ಗಾಜಿನ ಹಿಂದೆ, ಮಾಸ್ಕಿನ ಹಿಂದೆ ಹುಡುಗಿ ಏನೋ ಹೇಳಿದಳು. 'ಊಟ ಮಾಡಿ ತಗೊಳ್ಳಿ' ಅಂದಳೋ, 'ಊಟ ಮಾಡದೆ ತಗೊಳ್ಳಿ' ಅಂದಳೋ? ಎರಡಕ್ಕೂ ನಡುವೆ ಇರುವುದು ಒಂದಕ್ಷರ. ಆದರೆ ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗಿ ಊಟ ತಪ್ಪಿಸಿದರೆ ಹೊಲದಲ್ಲೇ ಬೆವರಿ ಬೀಳಬೇಕಾಗುತ್ತದೆ.

ಮೂರು ಸಲ ಕೇಳಿದೆ. ಮೂರನೇ ಸಲಕ್ಕೆ ಅವಳು ಕೂಗಿದಳು. ಕೂಗಿದರೆ ನಮಗೆ ಇನ್ನೂ ಕೇಳಿಸುವುದಿಲ್ಲ, ದನಿ ಒಡೆದು ಬರುತ್ತದೆ. ಚೀಟಿ ಹಿಂದೆ ಬರೆದುಕೊಡಿ ಅಂದೆ. ಅಷ್ಟರಲ್ಲಿ ಹಿಂದೆ ನಿಂತವರು ಗೊಣಗಿದರು. ಅವಳು ಒಳಗೆ ತಿರುಗಿ ಡಾಕ್ಟರಿಗೆ ಏನೋ ಹೇಳಿದಳು. ಡಾಕ್ಟರು ನನ್ನನ್ನು ಬಿಟ್ಟು ನನ್ನ ಹೆಂಡತಿ ಹತ್ತಿರ ಮಾತಾಡತೊಡಗಿದರು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. 'ಇವ್ರಿಗೆ ಸ್ವಲ್ಪ ತಲೆ ಓಡಲ್ಲ ಸಾರ್' ಅಂದಿದ್ದಳಂತೆ ಆ ಹುಡುಗಿ. ನನಗೆ ಅದೂ ಕೇಳಿಸಿರಲಿಲ್ಲ. ಬಸ್ಸಿನಲ್ಲಿ ಹೆಂಡತಿ ಹೇಳಿದಳು.

ಆ ಹುಡುಗಿ ಕೆಟ್ಟವಳು ಅಂತ ನಾನು ಹೇಳುವುದಿಲ್ಲ. ದಿನಕ್ಕೆ ನೂರು ಜನ ನೋಡಬೇಕು, ಹತ್ತರಲ್ಲಿ ಎಂಟು ಜನ 'ಹೂಂ' ಅಂತಾರೆ, ಕೆಲಸ ಸಾಗುತ್ತದೆ. ಕಾಣದ ಊನ ಅವಳಿಗೆ ಯಾರೂ ಕಲಿಸಿಲ್ಲ. ಆದರೂ ಕಿವಿ ಕೇಳದವನಿಗೂ ಬುದ್ಧಿ ಇಲ್ಲದವನಿಗೂ ವ್ಯತ್ಯಾಸ ಮಾಡಲಾರದ ಕಡೆ ಮದ್ದು ತಗೊಳ್ಳುವುದು ಹೇಗೆ? ನಾನು ಅಲ್ಲಿಗೆ ಮತ್ತೆ ಹೋಗಿಲ್ಲ.

ಮಾನಸಗಂಗೋತ್ರಿಯ ಆಸ್ಪತ್ರೆ

ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಆಚೆ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು. ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಗೆ ಸೇರಿದ್ದು. 1965ರಲ್ಲಿ ಒಂದು ಬಾಡಿಗೆ ಕಟ್ಟಡದಲ್ಲಿ ಶುರುವಾಯಿತು. ಜಯಚಾಮರಾಜ ಒಡೆಯರು 22 ಎಕರೆ ಜಾಗ ಕೊಟ್ಟರು. 1966ರ ಜುಲೈ 25ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಬಂದು ಅಡಿಗಲ್ಲು ಹಾಕಿದರು. ಅವರೇ ಒಂದು ಕಾಲಕ್ಕೆ ಮೈಸೂರು ಮಹಾರಾಜ ಕಾಲೇಜಿನಲ್ಲಿ ಮೇಷ್ಟರಾಗಿದ್ದವರು. ದೇಶದ ಮೂಲೆ ಮೂಲೆಯಿಂದ ಜನ ಇಲ್ಲಿಗೆ ಬರುತ್ತಾರೆ. ಐವತ್ತು ಕಿಲೋಮೀಟರ್ ದೂರದ ನಮ್ಮ ಕೋಟೆಯವರಿಗೆ ಇದು ಗೊತ್ತಿಲ್ಲ. ದೀಪದ ಬುಡದಲ್ಲಿ ಕತ್ತಲೆ.

2021ರಲ್ಲಿ ಸಂಕ್ರಾಂತಿ ಕಳೆದ ಮೇಲೆ ಹೋದೆ. ಮೊದಲು ಹೆಸರು ನೋಂದಣಿ. ಆಮೇಲೆ ಓದುತ್ತಿರುವ ಹುಡುಗನೊಬ್ಬ ಎದುರು ಕೂತು ಅರ್ಧ ಗಂಟೆ ವಿಚಾರಿಸಿದ. ಕೇರಳದವನು, ಅವನ ಕನ್ನಡ ನನ್ನ ಕಿವಿಯಷ್ಟೇ ಕುಂಟುತ್ತಿತ್ತು. ಆದರೆ ಅವನು ಮುಖ ಎತ್ತಿ, ಬೆಳಕಿಗೆ ತಿರುಗಿ, ನಿಧಾನವಾಗಿ ಕೇಳಿದ. ಒಂದು ಸಲವೂ ಕೂಗಲಿಲ್ಲ. ಕನ್ನಡ ಚೆನ್ನಾಗಿ ಬರುವ ಎಷ್ಟೋ ಜನರಿಗಿಂತ ಅವನ ಮಾತೇ ನನಗೆ ಚೆನ್ನಾಗಿ ತಿಳಿಯಿತು. ಏನು ಕಸುಬು, ಎಷ್ಟು ವರ್ಷ ಯಂತ್ರದ ಹತ್ತಿರ ಇದ್ದಿರಿ, ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಾ, ಮನೆಯಲ್ಲಿ ಯಾರಿಗಾದರೂ ಕಿವುಡು ಇದೆಯಾ, ಟಿ.ಬಿ.ಗೆ ಇಂಜೆಕ್ಷನ್ ತಗೊಂಡಿದ್ದಿರಾ ಅಂತೆಲ್ಲ ಕೇಳಿದ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಜಾತಿಯ ಇಂಜೆಕ್ಷನ್ನುಗಳು ಒಳಕಿವಿಯ ಆ ಪೈರನ್ನೇ ಸುಡಬಲ್ಲವಂತೆ. ಮೊದಲೇ ಕಿವಿ ಮಂದ ಇರುವವರು ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದಾಗಲೂ ಇದನ್ನು ಹೇಳಬೇಕು. ಕೇಳದೆ ಹೋದರೆ ನಾವೇ ಎತ್ತಬೇಕು.

ಗುಗ್ಗೆ ಇದೆಯಾ, ತಮಟೆ ತೂತಾಗಿದೆಯಾ ಅಂತ ಲೈಟು ಬಿಟ್ಟು ನೋಡಿದರು. ನಂತರ ದಪ್ಪ ಬಾಗಿಲಿನ ಒಂದು ಕೋಣೆ. ಬಾಗಿಲು ಹಾಕಿದರೆ ನಮ್ಮ ಎದೆಬಡಿತ ನಮಗೇ ಕೇಳಬೇಕು, ಅಷ್ಟು ನಿಶ್ಶಬ್ದ. ಕಿವಿಗೆ ಯಂತ್ರ ಹಾಕಿ ಸಣ್ಣ ಸಣ್ಣ ಶಬ್ದ ಬಿಡುತ್ತಾರೆ. ಕೇಳಿದ ತಕ್ಷಣ ಗುಂಡಿ ಒತ್ತಬೇಕು. ಕಿವಿ ಹಿಂದಿನ ಎಲುಬಿಗೂ ಒಂದು ಬಿಲ್ಲೆ ಇಟ್ಟು ಪರೀಕ್ಷೆ ಮಾಡುತ್ತಾರೆ. ಎಲುಬಿನಿಂದ ಚೆನ್ನಾಗಿ ಕೇಳಿ, ಗಾಳಿಯಿಂದ ಕೇಳದಿದ್ದರೆ ಅಡ್ಡಿ ಇರುವುದು ಹೊರಕಿವಿ, ನಡುಕಿವಿಯಲ್ಲಿ. ಪೈಪು ಕಟ್ಟಿದ ಹಾಗೆ, ಮೋಟಾರು ಸರಿ ಇದೆ. ಇಂಥದ್ದಕ್ಕೆ ಬಹುಪಾಲು ಔಷಧಿ, ಆಪರೇಷನ್ ಇದೆ. ಎರಡರಿಂದಲೂ ಕೇಳದಿದ್ದರೆ ಕೆಟ್ಟಿರುವುದು ಮೋಟಾರೇ. ನನ್ನದು ಮೋಟಾರಿನ ತೊಂದರೆ. ಕೊಟ್ಟ ನಕ್ಷೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಎರಡು ಗೆರೆಯೂ ಮೊದಲು ದಿಣ್ಣೆಯ ಮೇಲಿದ್ದು ಆಮೇಲೆ ಹಳ್ಳಕ್ಕೆ ಇಳಿದಿದ್ದವು. ಸರಾಸರಿ ಬಲಕ್ಕೆ 48, ಎಡಕ್ಕೆ 52 ಡೆಸಿಬೆಲ್. ಎದುರಿನವರು ಆಡುವ 60ರ ಮಾತು ನನ್ನನ್ನು ಮುಟ್ಟುವ ಹೊತ್ತಿಗೆ ಬರೀ ತಳದ ಗಸಿ ಉಳಿದಿರುತ್ತದೆ.

ಕಿವಿಗೆ ಹಿಟ್ಟಿನಂಥದ್ದು ತುಂಬಿ ಅಚ್ಚು ತೆಗೆದು, ಹಿಂದೆ ಕೂರುವ ಯಂತ್ರ ಕೊಟ್ಟರು. ಎರಡು ಕ್ವಿಂಟಾಲ್ ಹತ್ತಿಯ ದುಡ್ಡು ಆಯಿತು. ಅಂಗವಿಕಲ ಪ್ರಮಾಣಪತ್ರ ಇದ್ದು ವರಮಾನ ಕಡಿಮೆ ಇರುವವರಿಗೆ ಕೇಂದ್ರದ 'ಅಡಿಪ್' ಯೋಜನೆಯಲ್ಲಿ ಯಂತ್ರ ಸಿಗುತ್ತದೆ, ವಿಚಾರಿಸಿ. ಯಂತ್ರ ಹಾಕಿದ ಮೊದಲ ವಾರ ತಲೆ ಕೆಟ್ಟು ಹೋಯಿತು. ಪಾತ್ರೆ ಸದ್ದು, ಕಾಗೆ, ನನ್ನದೇ ಚಪ್ಪಲಿ ಸದ್ದು ಎಲ್ಲವೂ ಒಟ್ಟಿಗೆ ನುಗ್ಗಿದವು. ದಿನಕ್ಕೆ ಒಂದೆರಡು ಗಂಟೆ ಹಾಕಿ ಮೆಲ್ಲಗೆ ರೂಢಿ ಮಾಡಿಕೊಂಡೆ. ಇದು ಕನ್ನಡಕದ ಹಾಗೆ ಹಾಕಿದ ಕೂಡಲೇ ಸ್ವಚ್ಛ ಮಾಡುವುದಿಲ್ಲ. ದೊಡ್ಡದು ಮಾಡಿ ಕೊಡುತ್ತದೆ, ಸತ್ತ ಪೈರು ಹಿಡಿಯಬೇಕಾದ ದನಿ ಮಬ್ಬಾಗಿಯೇ ಬರುತ್ತದೆ. ಬೆವರು, ಮಳೆ ಎರಡೂ ಆಗದು. ಗಳೇವು ಹೊಡೆಯುವಾಗ ಬಿಚ್ಚಿ ಡಬ್ಬಿಗೆ ಹಾಕುತ್ತೇನೆ. ಆಸ್ಪತ್ರೆಗೆ ಹೋಗುವಾಗ ಮಾತ್ರ ಮರೆಯದೆ ಹಾಕಿಕೊಳ್ಳುತ್ತೇನೆ. ಅದು ಕಿವಿಯ ಹಿಂದೆ ಎದ್ದು ಕಾಣುತ್ತದಲ್ಲ, ಕೇಳಿಸುವುದಕ್ಕಿಂತ ಅದರಿಂದ ಆಗುವ ಉಪಕಾರವೇ ಹೆಚ್ಚು. ಕಂಡವರು ದನಿ ತಿದ್ದಿಕೊಂಡು ಮಾತಾಡುತ್ತಾರೆ.

ಪಕ್ಕದ ಬೆಂಚಿನವರು

ಆ ಸಂಸ್ಥೆಯಲ್ಲಿ ಕಾದು ಕೂತಾಗ ನನಗಿಂತ ಕಷ್ಟದವರನ್ನು ಕಂಡೆ. ಒಬ್ಬರು ಪಾರ್ಶ್ವವಾಯು ಹೊಡೆದು ಮಾತು ಹೋದವರು. ಕೈಕಾಲು ಬಹಳ ಮಟ್ಟಿಗೆ ಸರಿಹೋಗಿ ನಡೆದುಕೊಂಡೇ ಬಂದಿದ್ದರು. ಮಿದುಳಿನ ಎಡಭಾಗದಲ್ಲಿ ಮಾತಿನ ಜಾಗಕ್ಕೆ ರಕ್ತ ನಿಂತರೆ ಹೀಗಾಗುತ್ತದೆ, ಅಫೇಸಿಯಾ ಅನ್ನುತ್ತಾರೆ. ಬುದ್ಧಿ ಪೂರ್ತಿ ಇದೆ. ಎದುರಿಗೆ ನೀರಿನ ಲೋಟ ಇದೆ, ಅದು ಲೋಟ ಅಂತ ಗೊತ್ತಿದೆ, 'ನೀರು' ಅನ್ನುವ ಮಾತು ನಾಲಗೆಗೆ ಬರುವುದಿಲ್ಲ. ಒಂದು ಎರಡು ಮೂರು ಅಂತ ಹತ್ತರವರೆಗೆ ಗಡಗಡ ಹೇಳಿಬಿಡುತ್ತಿದ್ದರು, ಬಾಯಿಪಾಠ ಬೇರೆ ದಾರಿಯಲ್ಲಿ ಬರುತ್ತದಂತೆ. ಅವರ ಮಗಳು ಒಂದು ಮಾತು ಹೇಳಿದಳು: 'ಅಪ್ಪ ಬೇಡ ಅನ್ನೋಕೆ ಹೋಗಿ ಹೌದು ಅಂತಾರೆ. ಆಸ್ಪತ್ರೇಲಿ ನೋವಿದೆಯಾ ಅಂದ್ರೆ ಇಲ್ಲ ಅಂದ್ರು, ರಾತ್ರಿಯೆಲ್ಲ ನರಳಿದ್ರು.' ಅವಳು ಈಗ ಬಾಯಿ ಮಾತು ನಂಬುವುದಿಲ್ಲ. ಕೈ ಸನ್ನೆ, ಚಿತ್ರ ತೋರಿಸಿ ಎರಡು ಸಲ ಕೇಳುತ್ತಾಳೆ.

ಇನ್ನೊಂದು ಬೆಂಚಿನಲ್ಲಿ ಎರಡೂವರೆ ವರ್ಷದ ಮಗು. ಹುಟ್ಟುಕಿವುಡು. ಕೈಗೂಸಿನಲ್ಲಿ ಅತ್ತದ್ದು, ನಕ್ಕದ್ದು, ಕೂಕೂ ಅಂದದ್ದು ಎಲ್ಲ ಮಕ್ಕಳಂತೆಯೇ. 'ಅವರಪ್ಪನೂ ಮಾತು ತಡವಾಗಿ ಕಲಿತ' ಅಂತ ಅಜ್ಜಿ ಸಮಾಧಾನ ಹೇಳುತ್ತಾ ಬಂದಿದ್ದರಂತೆ. ಹುಟ್ಟಿದ ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಮಾಡುವುದು, ಆರು ತಿಂಗಳೊಳಗೆ ಯಂತ್ರ ಹಾಗೂ ತರಬೇತಿ, ಇದು ಸರಿಯಾದ ಕಾಲ ಅಂತ ಅಲ್ಲಿ ಹೇಳುತ್ತಾರೆ. ರಾಗಿ ಬಿತ್ತನೆಯ ಹಾಗೆ, ಹದ ತಪ್ಪಿದರೆ ಬೆಳೆ ಇಳಿಯುತ್ತದೆ. ಮಲಗಿದ ಮಗುವಿನ ಕಿವಿಗೆ ಸಣ್ಣ ಕಡ್ಡಿಯಂಥದ್ದು ಇಟ್ಟು ನೋಡುವ ಪರೀಕ್ಷೆ, ಐದು ಹತ್ತು ನಿಮಿಷದ ಕೆಲಸ, ನೋವಿಲ್ಲ. ಮನೆಯಲ್ಲಿ ಹೆರಿಗೆ ಆದರೆ ಕೇಳಿ ಮಾಡಿಸಿ.

ಕಿವಿಗೆ ಸಂಬಂಧ ಇಲ್ಲದಿದ್ದರೂ ನಮ್ಮ ತಾಲೂಕಿನ ಒಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ಹಾಡಿಗಳಿಂದ ಹತ್ತಿ ಬಿಡಿಸಲು ಬರುವ ಜೇನುಕುರುಬ, ಯರವ ಜನರಲ್ಲಿ ಕುಡುಗೋಲು ಕಣ ರಕ್ತಹೀನತೆ ಇರುವವರಿದ್ದಾರೆ. ಸಿಕಲ್ ಸೆಲ್ ಅನ್ನುತ್ತಾರೆ. ಗುಂಡಗಿರಬೇಕಾದ ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಚಳಿ, ಬಾಯಾರಿಕೆ, ಜ್ವರ ಬಂದರೆ ಎಲುಬು ಮುರಿದಂಥ ನೋವು. ಹೊರಗೆ ಗಾಯ ಇಲ್ಲ, ಊತ ಇಲ್ಲ. ಆಳು ಬದುವಿನ ಮೇಲೆ ಕೂತರೆ ಒಡೆಯ 'ಸೋಮಾರಿ' ಅಂತಾನೆ, ಆಸ್ಪತ್ರೆಗೆ ಹೋದರೆ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ರಕ್ತ ಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ರಾಷ್ಟ್ರೀಯ ಅಭಿಯಾನವನ್ನೇ ಶುರು ಮಾಡಿತು, ಕರ್ನಾಟಕವೂ ಅದರಲ್ಲಿದೆ. ಕೂಲಿಗೆ ಕರೆಯುವ ನಾವು ಹೊಲದಲ್ಲಿ ಕುಡಿಯುವ ನೀರು, ನೆರಳು ಇಟ್ಟರೆ ಎಷ್ಟೋ ಉಪಕಾರ.

ಲೆಕ್ಕಕ್ಕೆ ಸಿಗದವರು

2011ರ ಜನಗಣತಿಯಲ್ಲಿ ದೇಶದಲ್ಲಿ ಕಿವಿ ಕೇಳದವರು 50.7 ಲಕ್ಷ. ಸರ್ಕಾರವೇ 2007ರಲ್ಲಿ ಶುರು ಮಾಡಿದ ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮದ ಅಂದಾಜು 6.3 ಕೋಟಿ. ಎರಡೂ ಲೆಕ್ಕದ ಅಳತೆ ಬೇರೆ ಬೇರೆ ಅನ್ನುವುದು ನಿಜ. ಆದರೂ ಒಂದಕ್ಕೆ ಹನ್ನೆರಡು! ಮನೆ ಬಾಗಿಲಿಗೆ ಬಂದ ಗಣತಿಯವರು 'ಯಾರಿಗಾದ್ರೂ ಅಂಗವಿಕಲತೆ ಇದೆಯಾ?' ಅಂದರೆ ಕಿವಿಮಂದದವನು ತನ್ನನ್ನು ಸೇರಿಸಿಕೊಳ್ಳುವುದಿಲ್ಲ. ಎಷ್ಟೋ ಸಲ ಅವನಿಗೆ ಪ್ರಶ್ನೆಯೇ ಕೇಳಿಸಿರುವುದಿಲ್ಲ.

ಕಾನೂನು ಸ್ವಲ್ಪ ಸುಧಾರಿಸಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಊನ ಮಾತ್ರ ಇತ್ತು. 2016ರಲ್ಲಿ ಬಂದು 2017ರ ಏಪ್ರಿಲ್‌ನಿಂದ ಜಾರಿಯಾದ ಕಾಯ್ದೆಯಲ್ಲಿ 21 ಇವೆ. ಮಾತು ಹೋದದ್ದು, ಆಟಿಸಂ, ಸಿಕಲ್ ಸೆಲ್, ಹಿಮೋಫಿಲಿಯಾ, ಪಾರ್ಕಿನ್‌ಸನ್ ಹೀಗೆ ಹೊರಗೆ ಥಟ್ಟನೆ ಕಾಣದ ಎಷ್ಟೋ ಸೇರಿದವು. ಆದರೆ ಕಿವಿಯ ವಿಷಯದಲ್ಲಿ ಎರಡೂ ಕಿವಿಗೆ 60 ಡೆಸಿಬೆಲ್ ನಷ್ಟ ಆಗಿದ್ದರೆ ಮಾತ್ರ ಕಿವಿಮಂದ, 70 ಆದರೆ ಕಿವುಡ. ನನ್ನದು 48, 52. ಕಾಯ್ದೆಯ ಕಣ್ಣಿಗೂ ನಾನು ಕಾಣುವುದಿಲ್ಲ. ಆಸ್ಪತ್ರೆ ಕೌಂಟರಿನಲ್ಲಿ ಮಾತ್ರೆ ಹೇಗೆ ನುಂಗಬೇಕು ಅನ್ನುವುದು ಕೇಳಿಸದೆ ಇರುವುದಕ್ಕೆ 50 ಸಾಕು, ಅದಕ್ಕೆ ಪ್ರಮಾಣಪತ್ರ ಬೇಕಿಲ್ಲ.

ನಾನು ಈಗ ಮಾಡುವುದು

ಆಸ್ಪತ್ರೆ ಪುಸ್ತಕದ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ 'ಕಿವಿ ಮಂದ. ಎದುರಿಗೆ ನಿಂತು ನಿಧಾನವಾಗಿ ಹೇಳಿ. ಕೂಗಬೇಡಿ' ಅಂತ ಮಗಳ ಕೈಲಿ ಬರೆಸಿದ್ದೇನೆ. ಮೊದಲು ಪುಸ್ತಕ ಮುಂದಕ್ಕೆ ಚಾಚಿ ಆಮೇಲೆ ಕೂರುತ್ತೇನೆ. ಹೆಸರು ಕೂಗುವವರ ಹತ್ತಿರ ಹೋಗಿ 'ನನ್ನ ಸರದಿ ಬಂದಾಗ ಕೈ ಎತ್ತಿ ಕರೀರಿ' ಅಂತ ಹೇಳಿಟ್ಟಿರುತ್ತೇನೆ. ಫ್ಯಾನಿನ ಕೆಳಗೆ ಕೂತು ಮಾತಾಡುವುದಿಲ್ಲ, ಗೋಡೆ ಬದಿಯ ಕುರ್ಚಿ ಹುಡುಕುತ್ತೇನೆ. ಮುಖ್ಯವಾದದ್ದು ಕೊನೆಯಲ್ಲಿ. ಎಲ್ಲ ಆದ ಮೇಲೆ 'ನೀವು ಹೇಳಿದ್ದನ್ನ ನಾನು ಒಂದ್ಸಲ ಹೇಳ್ತೀನಿ, ಸರಿನಾ ನೋಡಿ' ಅಂದು ಮಾತ್ರೆ ಕೈಯಲ್ಲಿ ಹಿಡಿದು ಒಂದೊಂದಾಗಿ ಒಪ್ಪಿಸುತ್ತೇನೆ. ಬಿಳಿದು ಬೆಳಗ್ಗೆ, ಊಟ ಆದ ಮೇಲೆ. ಚಿಕ್ಕದು ರಾತ್ರಿ. ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಮೊದಮೊದಲು ನಗುತ್ತಿದ್ದರು. ಈಗ ಒಂದು ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಒಬ್ಬರು ಎಲ್ಲ ಮುದುಕರಿಗೂ 'ಎಲ್ಲಿ, ನೀವೇ ಹೇಳಿ ನೋಡೋಣ' ಅನ್ನುತ್ತಾರೆ. ಒಂದು ದಿನ ನಾನು ಲೆಕ್ಕ ಇಟ್ಟೆ. ಹನ್ನೊಂದು ಜನರಲ್ಲಿ ನಾಲ್ಕು ಜನ ತಪ್ಪು ಹೇಳಿದರು. ನಾಲ್ವರೂ ಅದಕ್ಕೆ ಮೊದಲು 'ಹೂಂ' ಅಂದಿದ್ದವರೇ. ಅವರಲ್ಲಿ ಕಿವಿ ನೆಟ್ಟಗಿದ್ದವರೂ ಇದ್ದರು.

ಜೊತೆಗೆ ಹೋಗುವವರಿಗೂ ಒಂದು ಮಾತು. ನಮ್ಮ ಪರವಾಗಿ ನೀವೇ ಉತ್ತರ ಕೊಡಬೇಡಿ. ಡಾಕ್ಟರು ನಿಮ್ಮ ಹತ್ತಿರ ಮಾತಾಡಿದರೆ 'ಅವರನ್ನೇ ಕೇಳಿ' ಅನ್ನಿ. ತಿಳಿಯದ ಮಾತನ್ನು ಮಾತ್ರ ಬೇರೆ ಪದದಲ್ಲಿ ತಿರುಗಿಸಿ ಹೇಳಿ. ಅದೇ ಪದ ಹತ್ತು ಸಲ ಹೇಳಿದರೆ ಹತ್ತು ಸಲವೂ ಅದೇ ಅಕ್ಷರ ಉದುರುತ್ತದೆ.

ಕಿವಿಗೆ ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ರಸ ಬಿಡುವ ಮನೆಮದ್ದು ನಮ್ಮಲ್ಲಿ ಬಹಳ. ತಮಟೆ ತೂತಾಗಿ ಕಿವಿ ಸೋರುವವರಿಗೆ ಅದು ಕೇಡು. ರಾತ್ರಿ ಚೆನ್ನಾಗಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಒಂದು ಕಿವಿ ಹೋಗಿದ್ದರೆ ನೀರು ಹೊಕ್ಕಿರಬೇಕು ಅಂತ ವಾರಗಟ್ಟಲೆ ಕಾಯಬೇಡಿ, ಅವತ್ತೇ ಕಿವಿ ಡಾಕ್ಟರ ಹತ್ತಿರ ಓಡಿ. ಇಂಥದ್ದಕ್ಕೆ ಮೊದಲ ಕೆಲವು ದಿನದಲ್ಲಿ ಔಷಧಿ ಬಿದ್ದರೆ ತಿರುಗಿ ಬರುವ ಸಂಭವ ಹೆಚ್ಚು. ಯಂತ್ರದ ಮುಂದೆ ನಿಲ್ಲುವವರು ಕಿವಿಗೆ ಹತ್ತಿ ತುರುಕುತ್ತಾರೆ. ಹತ್ತಿ ಬೆಳೆಯುವವನಾಗಿ ಹೇಳುತ್ತೇನೆ, ಹತ್ತಿ ಶಬ್ದ ತಡೆಯುವುದರಲ್ಲಿ ಬಹಳ ದಡ್ಡ. ಹಿಸುಕಿ ಒಳಗೆ ಬಿಟ್ಟರೆ ಉಬ್ಬಿಕೊಳ್ಳುವ ಫೋಮಿನ ಬಿರಡೆ ಸಿಗುತ್ತದೆ, ಒಂದು ಜೊತೆ ಒಂದು ಟೀ ಕಾಸಿನ ಆಸುಪಾಸು. ಕಿವಿ ಪೂರ್ತಿ ಮುಚ್ಚುವ ಬಟ್ಟಲಿನಂಥದ್ದು ಇನ್ನೂ ವಾಸಿ. ನನ್ನ ಮಗ ಅದನ್ನು ಹಾಕಿಕೊಂಡೇ ಟ್ರ್ಯಾಕ್ಟರ್ ಹತ್ತುತ್ತಾನೆ. 'ಬೆಲ್ಟು ಸಡಿಲ ಆದ್ರೆ ಸದ್ದಿನಿಂದ ಗೊತ್ತಾಗ್ಬೇಕು ಕಣಣ್ಣ, ಕಿವಿ ಮುಚ್ಕೊಂಡ್ರೆ ಹೆಂಗೆ?' ಅಂತ ಊರಿನ ಇನ್ನೊಬ್ಬ ಯಂತ್ರದವನ ವಾದ. ಅವನು ಹೇಳುವುದರಲ್ಲೂ ಸ್ವಲ್ಪ ನ್ಯಾಯ ಇದೆ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಮೈಸೂರಿಗೆ ಹೋಗುವವರು ಸಬ್ ಅರ್ಬನ್ ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬಹುದು, ಇಲ್ಲವೇ ಸಿಟಿ ಬಸ್ ನಿಲ್ದಾಣಕ್ಕೆ ನಡೆದು ಮಾನಸಗಂಗೋತ್ರಿ ಬಸ್ಸು ಹಿಡಿಯಬಹುದು. ಆಧಾರ್, ರೇಷನ್ ಕಾರ್ಡಿನ ಪ್ರತಿ, ಹಳೇ ಚೀಟಿಗಳು ಇರಲಿ. ಬೆಳಗ್ಗೆ ಬೇಗ ಹೋಗಿ, ಇಡೀ ದಿನ ಹಿಡಿಯುತ್ತದೆ, ಬುತ್ತಿ ಕಟ್ಟಿಕೊಳ್ಳಿ. ಒಕ್ಕಣೆ ಮುಗಿದ ಮಾರನೇ ದಿನವೇ ಮಾತ್ರ ಹೋಗಬೇಡಿ. ದೊಡ್ಡ ಶಬ್ದ ತಿಂದ ಕಿವಿ ಒಂದೆರಡು ದಿನ ಇನ್ನಷ್ಟು ಮಂದ ಇರುತ್ತದೆ, ನಕ್ಷೆ ತಪ್ಪು ಬರುತ್ತದೆ. ಎರಡು ದಿನ ಯಂತ್ರದಿಂದ ದೂರ ಇದ್ದು, ಕಿವಿ ತಣ್ಣಗಾದ ಮೇಲೆ ಹೋಗಿ.